ಸೂರ್ಯೋದಯವೂ ರಾಗಿಯ ಹೊಲವೂ

ಪ್ರವಾಸ ಕಥನಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಒಂದು ಗ್ರಂಥವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಪ್ರವಾಸ ಏರ್ಪಡಿಸುವ ಕಂಪೆನಿಯವರು ಹಂಚುವ ಕರಪತ್ರ. ಈಗ ಬರುತ್ತಿರುವ ಬಹುಪಾಲು ಪ್ರವಾಸ ಲೇಖನಗಳಿಗೆ ಅದೇ ಮೂಲ. ಲೇಖಕ ಬರೆಯುವುದು ಅದರ ಮೇಲಿನ ವ್ಯಾಖ್ಯಾನ. ಈ ಮಾತನ್ನು ಬೇರೆಯವರ ಪುಸ್ತಕಗಳನ್ನು ಓದಿ ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕಳೆದ ದಸರಾ ರಜೆಯಲ್ಲಿ ಸಂಸಾರ ಸಮೇತನಾಗಿ ಆರು ದಿನ ನೇಪಾಳಕ್ಕೆ ಹೋಗಿಬಂದೆ. ಬಂದವನು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಹತ್ತು ಪುಟದ ಲೇಖನವೊಂದನ್ನು ಬರೆದೆ. ಬರೆದು ಒಂದು ತಿಂಗಳ ಮೇಲೆ ಅದನ್ನು ಬೇರೆ ಯಾರದೋ ಲೇಖನವೆಂಬಂತೆ ಓದಬೇಕಾಗಿ ಬಂತು. ಏಕೆಂದು ಮುಂದೆ ಹೇಳುತ್ತೇನೆ.

ಕರಪತ್ರದಲ್ಲಿ ‘ಐದು ರಾತ್ರಿ, ಆರು ಹಗಲು’ ಎಂದಿತ್ತು. ಕಠ್ಮಂಡುವಿನಲ್ಲಿ ಪಶುಪತಿನಾಥ, ಸ್ವಯಂಭೂ, ಬೌದ್ಧನಾಥದ ಸ್ತೂಪ. ದಾರಿಯಲ್ಲಿ ತ್ರಿಶೂಲಿ ನದಿಯ ಮೇಲೆ ರಬ್ಬರು ದೋಣಿಯ ಸಾಹಸ. ಪೋಖರಾದಲ್ಲಿ ಫೇವಾ ಸರೋವರ, ಸರಾಂಗಕೋಟ್ ಬೆಟ್ಟದ ಸೂರ್ಯೋದಯ, ಇಷ್ಟವಿದ್ದವರಿಗೆ ಪ್ಯಾರಾಗ್ಲೈಡಿಂಗ್. ಗದ್ಯಶೈಲಿಯ ದೃಷ್ಟಿಯಿಂದ ನೋಡಿದರೆ ಅದು ವಿಚಿತ್ರವಾದ ಬರಹ. ವಿಶೇಷಣಗಳು ಹೇರಳ, ಕ್ರಿಯಾಪದವನ್ನು ಹುಡುಕಬೇಕು. ಶಿಖರ ‘ಭವ್ಯ’, ಸರೋವರ ‘ಪ್ರಶಾಂತ’, ಜನ ‘ನಗುಮೊಗದವರು’. ಆ ಜನ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಅವರಿಗೆ ಎಂದಾದರೂ ಕೋಪ ಬರುವುದುಂಟೆ ಎಂಬುದು ಅದರಿಂದ ತಿಳಿಯುವುದಿಲ್ಲ. ಕರಪತ್ರದಿಂದ ಅದನ್ನು ನಿರೀಕ್ಷಿಸುವುದೂ ಅನ್ಯಾಯವೇ. ಆದರೆ ಒಬ್ಬ ಕನ್ನಡ ಅಧ್ಯಾಪಕನಿಂದ ನಿರೀಕ್ಷಿಸಬಹುದಷ್ಟೆ?

ನನ್ನ ಲೇಖನದ ಮೊದಲೆರಡು ಪುಟ ಕನ್ನಡಿಗನ ಸಂತೋಷಕ್ಕೆ ಮೀಸಲು. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಅದರಲ್ಲೂ ನಮ್ಮ ಕರಾವಳಿಯ ಕಡೆಯವರು ಎಂಬುದನ್ನು ಕನ್ನಡಿಗನಾದವನು ಬರೆಯದೆ ಬಿಡುವುದುಂಟೆ? ಅಲ್ಲಿಂದ ಒಂದು ಜಿಗಿತಕ್ಕೆ ೧೦೯೭ಕ್ಕೆ ಹೋದೆ. ನಾನ್ಯದೇವನೆಂಬ ಅರಸು ಮಿಥಿಲೆಯಲ್ಲಿ ಕರ್ನಾಟ ವಂಶವನ್ನು ಸ್ಥಾಪಿಸಿದನಷ್ಟೆ. ಅವನ ರಾಜಧಾನಿ ಸಿಮ್ರೌನ್‌ಗಢ ಇಂದಿನ ನೇಪಾಳದ ತರಾಯಿ ಪ್ರದೇಶದಲ್ಲಿದೆ. ನಮ್ಮ ಬಸ್ಸು ಆ ಕಡೆಗೆ ಹೋಗಲೇ ಇಲ್ಲ. ನನ್ನ ಲೇಖನ ಮಾತ್ರ ಹೋಗಿಬಂದಿತ್ತು. ಇದೊಂದು ದೌರ್ಬಲ್ಯ. ನಾವು ಪರದೇಶಕ್ಕೆ ಹೋದರೂ ಅಲ್ಲಿ ನಮ್ಮದೇ ವಂಶಾವಳಿಯನ್ನು ಹುಡುಕುತ್ತೇವೆ. ಸಿಕ್ಕಿದ ಮೇಲೆ ಪರದೇಶವನ್ನು ನೋಡುವ ಕಷ್ಟ ತಪ್ಪುತ್ತದೆ.

ಮೂರನೆಯ ಪುಟದಿಂದ ಸೂರ್ಯೋದಯ. ಸರಾಂಗಕೋಟ್ ಪೋಖರಾದ ನೆತ್ತಿಯ ಮೇಲಿನ ಬೆಟ್ಟ; ಎತ್ತರ ಸುಮಾರು ೧,೬೦೦ ಮೀಟರು. ಬೆಳಗಿನ ನಾಲ್ಕಕ್ಕೆ ಎಬ್ಬಿಸಿದರು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು, ಆದುದರಿಂದ ನನ್ನ ಶರೀರಕ್ಕೆ ಅದು ಮೂರೂ ಮುಕ್ಕಾಲು. ಚಳಿಯಲ್ಲಿ ಟೀ ಕುಡಿಯುತ್ತ ಕೆಲವು ನೂರು ಜನ ಕಾದುನಿಂತಿದ್ದೆವು. ಎದುರಿಗೆ ಅನ್ನಪೂರ್ಣಾ ಶ್ರೇಣಿ. ಅದಕ್ಕಿಂತ ಹತ್ತಿರ, ಮೀನಿನ ಬಾಲದಂತೆ ಎರಡಾಗಿ ಸೀಳಿದ ೬,೯೯೩ ಮೀಟರಿನ ಮಾಛಾಪುಛ್ರೆ. ೧೯೫೭ರಲ್ಲಿ ಅದನ್ನು ಹತ್ತಲು ಹೋದವರು ತುದಿಗೆ ಸ್ವಲ್ಪ ಕೆಳಗೆ ನಿಂತು ಹಿಂದಿರುಗಿದರು. ಮೊದಲ ಕಿರಣ ಆ ತುದಿಯನ್ನು ಮುಟ್ಟಿದಾಗ ಎಲ್ಲರ ಬಾಯೂ ಮುಚ್ಚಿತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಅಷ್ಟು ನಿಜ.

ಲೇಖನದಲ್ಲಿ ಅಷ್ಟು ಮಾತ್ರ ಇರಲಿಲ್ಲ. ಅಲ್ಲಿ ‘ಬಂಗಾರ’ ಎಂಬ ಶಬ್ದ ಏಳು ಸಲ ಬಂದಿದೆ, ಎಣಿಸಿದ್ದೇನೆ. ಕುಂಕುಮ ಮೂರು ಸಲ, ಕಿರೀಟ ಎರಡು ಸಲ. ನಮ್ಮ ಮಲೆನಾಡಿನ ಕವಿಗಳು ಸೂರ್ಯೋದಯಕ್ಕೆಂದು ಒಂದು ಶಬ್ದಭಂಡಾರವನ್ನೇ ಕಟ್ಟಿಕೊಟ್ಟಿದ್ದಾರೆ. ಅದು ಅವರು ತಮ್ಮ ಕಾಡು ಕಣಿವೆಗಳನ್ನು ದಿನವೂ ಕಂಡು ಗಳಿಸಿದ ಸ್ವತ್ತು. ನಾನು ಅದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿ, ಒಂದೇ ಬೆಳಗು ನೋಡಿದ ಹಿಮಪರ್ವತಕ್ಕೆ ಬಳಿದು ಬಂದಿದ್ದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯನ್ನು ಮೆಚ್ಚಿ ಪಾಠ ಹೇಳಿದವನು ನಾನು. ಹಂಪೆಯ ಕಲ್ಲುಗಳ ಮುಂದೆ ನಿಂತವನ ಮನಸ್ಸು ಹೇಗೆ ತಡವರಿಸಬೇಕು, ಹೇಗೆ ಪ್ರಶ್ನೆ ಕೇಳಬೇಕು ಎಂದು ವಿದ್ಯಾರ್ಥಿಗಳಿಗೆ ವಿವರಿಸಿದವನು. ಪಾಠ ಹೇಳುವುದು ಬೇರೆ, ಕಲಿಯುವುದು ಬೇರೆ.

ಇನ್ನು ಸಾಹಸದ ಅಧ್ಯಾಯ. ತ್ರಿಶೂಲಿಯ ದಡದಲ್ಲಿ ನಮ್ಮ ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್ ತೊಡಿಸಿ ಒಂದು ಕಾಗದ ಕೊಟ್ಟರು. ಪ್ರಾಣಕ್ಕೆ ಏನಾದರೂ ಆದರೆ ಕಂಪೆನಿ ಹೊಣೆಯಲ್ಲ ಎಂಬ ಒಪ್ಪಿಗೆ ಪತ್ರ. ಎರಡು ದಶಕ ಪಠ್ಯಗಳನ್ನು ಸೂಕ್ಷ್ಮವಾಗಿ ಓದಬೇಕೆಂದು ಬೋಧಿಸಿದ ನಾನು ಅದನ್ನು ಓದದೆ ರುಜು ಹಾಕಿದೆ. ದೋಣಿಯ ಹಿಂದೆ ಕುಳಿತ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಕೂಗಿದಂತೆ ಹುಟ್ಟು ಹಾಕಿದೆವು, ಅಲೆ ಬಡಿಯಿತು, ಮಗಳು ಕಿರುಚಿದಳು, ನಾನೂ ಕಿರುಚಿದೆನಂತೆ. ಪೋಖರಾದಲ್ಲಿ ತಾಯಿಯೂ ಮಗಳೂ ಒಬ್ಬೊಬ್ಬ ಪೈಲಟ್ಟಿನ ಜೊತೆ ಪ್ಯಾರಾಗ್ಲೈಡರಿಗೆ ಬಿಗಿಸಿಕೊಂಡು ಸರಾಂಗಕೋಟಿನಿಂದ ಹಾರಿ ಸರೋವರದ ದಡದಲ್ಲಿ ಇಳಿದರು. ನಾನು ಅವರ ಕೈಚೀಲ ಹಿಡಿದುಕೊಂಡು ಜೀಪಿನಲ್ಲಿ ಇಳಿದೆ.

‘ಸಾಹಸ’ ಎಂಬ ಶಬ್ದದ ಚರಿತ್ರೆಯೇ ಒಂದು ಸ್ವಾರಸ್ಯ. ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ. ಅದಕ್ಕೆ ದಂಡ ಉಂಟು. ರನ್ನನ ಹೊತ್ತಿಗೆ ಅದು ಬಿರುದು. ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ವೆಂದೇ ಹೆಸರು. ನಮ್ಮ ಕಾಲದಲ್ಲಿ ಅದು ಟಿಕೆಟ್ಟು. ೨೦೨೪ರ ಜುಲೈ ೧೨ರ ಬೆಳಗಿನ ಜಾವ ಇದೇ ತ್ರಿಶೂಲಿಯ ಕೆಳಹರಿವಿನಲ್ಲಿ, ಸಿಮಲತಾಲ್ ಎಂಬಲ್ಲಿ, ಮಳೆಗೆ ಗುಡ್ಡ ಕುಸಿದು ಎರಡು ಬಸ್ಸುಗಳು ಅರವತ್ತಕ್ಕೂ ಹೆಚ್ಚು ಪ್ರಯಾಣಿಕರ ಸಮೇತ ನದಿಗೆ ಬಿದ್ದವು. ಈಜಿ ಪಾರಾದವರು ಬೆರಳೆಣಿಕೆಯಷ್ಟು. ಅವರು ಕೊಂಡದ್ದು ಊರಿಂದೂರಿಗೆ ಹೋಗುವ ಬಸ್ಸಿನ ಟಿಕೆಟ್ಟು. ಈ ವಿಷಯ ನನಗೆ ಹೋಗುವ ಮೊದಲೇ ತಿಳಿದಿತ್ತು. ಲೇಖನದಲ್ಲಿ ಬರೆದಿರಲಿಲ್ಲ, ರಸಭಂಗವಾದೀತೆಂದು.

ಪರ್ವತ ಸಾಹಸದ ಬರಹಕ್ಕೆ ದೊಡ್ಡ ಮಾದರಿ ಮೋರಿಸ್ ಎರ್ಜೋಗ್ ಎಂಬ ಫ್ರೆಂಚ್ ಆರೋಹಿಯ ‘ಅನ್ನಪೂರ್ಣಾ’. ೧೯೫೦ರ ಜೂನ್ ೩ರಂದು ಆತ ಲೂಯಿ ಲಾಶೆನಾಲ್ ಜೊತೆ ೮,೦೯೧ ಮೀಟರಿನ ಆ ಶಿಖರವನ್ನು ಮುಟ್ಟಿದ. ಎಂಟು ಸಾವಿರ ಮೀಟರಿನ ಮೇಲಿನ ಶಿಖರವೊಂದನ್ನು ಮನುಷ್ಯರು ಏರಿದ್ದು ಅದೇ ಮೊದಲು. ಇಳಿಯುವಾಗ ಹಿಮ ಕಚ್ಚಿ ಕೈಕಾಲುಗಳ ಬೆರಳುಗಳು ಹೋದವು. ಬರೆಯಲು ಕೈಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿ ಪುಸ್ತಕವನ್ನು ಹೇಳಿ ಬರೆಸಿದ. ೧೯೫೧ರಲ್ಲಿ ಅದು ಹೊರಬಂತು. ಒಮ್ಮೆ ಹಿಡಿದರೆ ಕೆಳಗಿಡಲಾಗದ ಪುಸ್ತಕ. ಈಗಲೂ ಹಾಗೇ ಓದಿಸಿಕೊಳ್ಳುತ್ತದೆ. ಆದರೆ ಅದರ ಹಿಂದೆ ಒಂದು ಕರಾರು ಇತ್ತು: ತಂಡದ ಉಳಿದವರು ಐದು ವರ್ಷ ಏನನ್ನೂ ಪ್ರಕಟಿಸಕೂಡದು. ಲಾಶೆನಾಲ್ ೧೯೫೫ರಲ್ಲಿ ತೀರಿಕೊಂಡ. ಅವನ ದಿನಚರಿ ಮರುವರ್ಷ ಬಂದಾಗ ಕತ್ತರಿ ಬಿದ್ದಿತ್ತು. ಪೂರ್ತಿಯಾಗಿ ಬಂದುದು ೧೯೯೬ರಲ್ಲಿ. ಆಗ ಆ ಏಕಕಂಠದ ವೀರಗಾಥೆಯ ಒಳಗೆ ಬೇರೆ ಸ್ವರವೂ ಇತ್ತೆಂದು ಗೊತ್ತಾಯಿತು.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಮತ್ತೊಂದು. ಆ ತಂಡದ ಶೆರ್ಪಾಗಳ ನಾಯಕ ಆಂಗ್ ಥಾರ್ಕೆ. ಶಿಖರಕ್ಕೆ ನೀನೂ ಬಾ ಎಂದು ಎರ್ಜೋಗ್ ಕರೆದಾಗ, ಕಾಲು ಹಿಮಗಟ್ಟುತ್ತಿದೆ, ಬರುವುದಿಲ್ಲ ಎಂದವನು ಆತ. ಬೆರಳು ಕಳೆದುಕೊಂಡವರನ್ನು ಮುಂಗಾರಿನ ಮಳೆಯಲ್ಲಿ ವಾರಗಟ್ಟಲೆ ಕಣಿವೆಗಳ ಮೂಲಕ ಹೊತ್ತು ತಂದವರು ಶೆರ್ಪಾಗಳು, ಕೂಲಿಗಳು. ಆಂಗ್ ಥಾರ್ಕೆಯ ಆತ್ಮಕಥೆ ೧೯೫೪ರಲ್ಲೇ ಫ್ರೆಂಚಿನಲ್ಲಿ ಬಂತು. ಇಂಗ್ಲಿಷಿಗೆ ಬಂದುದು ೨೦೧೬ರಲ್ಲಿ. ಬರಬೇಡ ಎಂದು ಕಾಲು ಹೇಳಿದರೆ ಕೇಳಿದವನ ಪುಸ್ತಕಕ್ಕೆ ಅರವತ್ತೆರಡು ವರ್ಷ ಕಾಯುವ ಶಿಕ್ಷೆ.

ಈಗ ನನ್ನ ಲೇಖನ ಕೆಟ್ಟುಹೋದ ಕಥೆ. ನಮ್ಮ ಬೀದಿಗೆ ರಾತ್ರಿ ಕಾವಲಿಗೆ ನೇಪಾಳದವನೊಬ್ಬ ಇದ್ದಾನೆ. ಬೀದಿಯವರೆಲ್ಲ ‘ಬಹದ್ದೂರ್’ ಎನ್ನುತ್ತೇವೆ. ಅದು ಆತನ ಹೆಸರಲ್ಲ. ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದು ಕನ್ನಡ ಕಲಿತಿದ್ದಾನೆ. ನಾವು ಬಂದ ಸುದ್ದಿ ತಿಳಿದು ಒಂದು ಸಂಜೆ ಗೇಟಿನ ಹತ್ತಿರ ನಿಂತು, “ಏನ್ ಸಾರ್, ನಮ್ಮ ಕಡೆ ನೋಡಿಕೊಂಡು ಬಂದ್ರಂತೆ,” ಎಂದ. ಮಗಳು ಮೊಬೈಲಿನಲ್ಲಿ ಸರಾಂಗಕೋಟಿನ ಚಿತ್ರ ತೆಗೆದುಕೊಟ್ಟಳು. ಮನೆಗೆ ಬಂದವರೆಲ್ಲ ಹೊಗಳಿದ ಚಿತ್ರ, ಬೆಳಕು ಬಿದ್ದ ಶಿಖರ. ಆತ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದ. ಶಿಖರ ಮೇಲಕ್ಕೆ ಜಾರಿ ಮಾಯವಾಯಿತು. ಆತ ನೋಡುತ್ತಿದ್ದುದು ಕೆಳಗಿನ ಮೂಲೆಯಲ್ಲಿ ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳನ್ನು.

“ಇಲ್ಲಿ ಕೋದೋ ಇದೆ ಸಾರ್. ಈ ಕಡೆ ಮೂರು ಪಟ್ಟಿ ಖಾಲಿ. ಬರೀ ಹುಲ್ಲು. ಮಾಡೋರಿಲ್ಲ.”

“ಕೋದೋ ಅಂದರೆ?”

“ರಾಗಿ ಸಾರ್. ನಿಮ್ಮ ಮುದ್ದೆ ಹಂಗೇ ನಾವು ಢಿಂಡೋ ಮಾಡ್ತೀವಿ.”

ಉತ್ತರ ಭಾರತದಲ್ಲಿ ಕೋದೋ ಎಂದರೆ ನಮ್ಮ ಹಾರಕ. ನೇಪಾಳದ ಬೆಟ್ಟಗಳಲ್ಲಿ ಅದೇ ಶಬ್ದ ರಾಗಿಗೆ. ಇದು ಆಮೇಲೆ ನಿಘಂಟು ನೋಡಿ ತಿಳಿದುಕೊಂಡದ್ದು. ಆ ಕ್ಷಣದಲ್ಲಿ ಆದುದು ನಾಚಿಕೆ. ಹತ್ತು ಪುಟದಲ್ಲಿ ಕರ್ನಾಟ ವಂಶ ಬಂದಿತ್ತು, ಕರಾವಳಿಯ ಭಟ್ಟರು ಬಂದಿದ್ದರು. ಕಾಲ ಕೆಳಗೆ ಬೆಳೆದುನಿಂತ ರಾಗಿ ಬಂದಿರಲಿಲ್ಲ. ಬೀಳು ಬಿದ್ದ ಮೂರು ಪಟ್ಟಿಯೂ ಬಂದಿರಲಿಲ್ಲ. ನಾವು ಅಲ್ಲಿದ್ದುದು ಅವರ ದಶೈನ್ ಹಬ್ಬದ ಕಾಲ, ನಮ್ಮ ದಸರೆಯೇ. ಊರೂರಿನಲ್ಲಿ ಬಿದಿರಿನ ಜೋಕಾಲಿ ಕಟ್ಟಿದ್ದರು. ಕಠ್ಮಂಡುವಿನಿಂದ ಹೊರಟ ಬಸ್ಸುಗಳ ಮಾಡಿನ ಮೇಲೂ ಗಂಟುಮೂಟೆ. ಮಾತು ಬದಲಿಸಲೆಂದು, “ಹಬ್ಬಕ್ಕೆ ಊರಿಗೆ ಹೋಗಲಿಲ್ಲವೇನಪ್ಪ?” ಎಂದೆ. “ರಜಾ ಸಿಗಲಿಲ್ಲ ಸಾರ್. ಬೀದಿಯೋರೆಲ್ಲ ಊರಿಗೆ ಹೋಗಿದ್ರಲ್ಲ,” ಎಂದ.

ಅಂದಿನಿಂದ ನೇಪಾಳದ ಬೆಟ್ಟಗಳ ಬಗ್ಗೆ ಬೆಟ್ಟದವರದೇ ಭಾಷೆಯಲ್ಲಿ ಏನಿದೆ ಎಂದು ಹುಡುಕತೊಡಗಿದೆ. ನೇಪಾಳಿ ನಮಗೆ ಪರಭಾಷೆಯೂ ಅಲ್ಲ. ೧೯೯೨ರಿಂದ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿದೆ. ಮೈಕೆಲ್ ಹಟ್ ಎಂಬ ವಿದ್ವಾಂಸರ ಇಂಗ್ಲಿಷ್ ಅನುವಾದಗಳ ಮೂಲಕ ಎರಡು ಕೃತಿಗಳನ್ನು ಓದಿದೆ. ಆ ಎರಡರ ಮುಂದೆ ನನ್ನ ಹತ್ತು ಪುಟ ನಿಲ್ಲಲಿಲ್ಲ.

ಮೊದಲನೆಯದು ಲಕ್ಷ್ಮೀಪ್ರಸಾದ ದೇವಕೋಟರ ‘ಮುನಾ ಮದನ’, ೧೯೩೬ರ ಕಥನ ಕವನ. ಮದನ ಕಠ್ಮಂಡುವಿನ ಯುವಕ. ಸಂಪಾದನೆಗೆಂದು ಲ್ಹಾಸಾಕ್ಕೆ ಹೊರಡುತ್ತಾನೆ. ಹೆಂಡತಿ ಮುನಾ ಬೇಡವೆಂದು ಬೇಡುತ್ತಾಳೆ. ಬರುವ ದಾರಿಯಲ್ಲಿ ಅವನಿಗೆ ಕಾಯಿಲೆಯಾಗಿ, ಜೊತೆಯವರು ಬಿಟ್ಟು ಹೋಗುತ್ತಾರೆ. ಬದುಕಿಸುವವನು ಜಾತಿಯ ಲೆಕ್ಕದಲ್ಲಿ ಕೀಳೆನಿಸಿದ ಒಬ್ಬ ಭೋಟಿಯ. ಮನೆಗೆ ಬಂದರೆ ತಾಯಿಯೂ ಇಲ್ಲ, ಮುನಾ ಕೂಡ ಇಲ್ಲ. ಪಂಡಿತರು ಕೀಳಾಗಿ ಕಾಣುತ್ತಿದ್ದ ಝ್ಯಾಉರೇ ಎಂಬ ಜಾನಪದ ಧಾಟಿಯಲ್ಲಿ ದೇವಕೋಟರು ಇದನ್ನು ಹಾಡಿದರು. ನಮ್ಮಲ್ಲಿ ಬೇಂದ್ರೆಯವರು ಜನಪದದ ಲಯಕ್ಕೆ ಕೊಟ್ಟ ಗೌರವವನ್ನು ಬಲ್ಲವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಅನುವಾದದಲ್ಲಿ ಆ ಲಯ ನನಗೆ ದಕ್ಕಿಲ್ಲ; ದಕ್ಕಿದ್ದು ಕಥೆ. ಈ ಕಥೆಯಲ್ಲಿ ಹಿಮಾಲಯ ಹೆಂಡತಿಗೂ ಗಂಡನಿಗೂ ನಡುವೆ ಬಿದ್ದಿರುವ ದೂರ. ಇಲ್ಲಿ ಸಾಹಸಕ್ಕೆ ಹೊರಟವನಿಗೆ ಒಪ್ಪಿಗೆ ಪತ್ರ ಯಾರೂ ಕೊಡಲಿಲ್ಲ. ರುಜು ಹಾಕಲು ನಿರಾಕರಿಸಿದವಳು ಮುನಾ ಒಬ್ಬಳೇ. ೧೯೫೯ರಲ್ಲಿ ದೇವಕೋಟರು ಕೊನೆಯುಸಿರೆಳೆದುದು ಪಶುಪತಿಯ ಆರ್ಯಘಾಟಿನಲ್ಲಿ. ಎದುರು ದಡದ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತು ಚಿತೆಗಳನ್ನು ನೋಡಿದ ನನಗೆ ಅದು ಗೊತ್ತಿರಲಿಲ್ಲ. ಕರಪತ್ರದಲ್ಲಿ ಇರಲಿಲ್ಲವಲ್ಲ.

ಎರಡನೆಯದು ಅಸ್ಸಾಮಿನ ನೇಪಾಳಿ ಲೇಖಕ ಲೀಲ್ ಬಹಾದುರ್ ಛೇತ್ರಿಯವರ ‘ಬಸಾಯಿಂ’ ಎಂಬ ಪುಟ್ಟ ಕಾದಂಬರಿ, ೧೯೫೭–೫೮ರ ಸುಮಾರಿನದು. ಪೂರ್ವ ನೇಪಾಳದ ಬೆಟ್ಟದ ಹಳ್ಳಿ. ಧನ್ ಬಹಾದುರ್ ಎಂಬ ಬಡ ರೈತ, ಹೆಂಡತಿ, ಮಗು, ತಂಗಿ. ಸಾಲದ ಮೇಲೆ ಎಮ್ಮೆ ಕೊಳ್ಳುವುದು, ಸಾಲ ಬೆಳೆಯುವುದು, ತಂಗಿಯ ಬಾಳಿನಲ್ಲಿ ಒಬ್ಬ ಸಿಪಾಯಿ ಬಂದು ಹೋಗುವುದು. ಕೊನೆಗೆ ಊರು ಬಿಡುವುದು. ದೋಷವಿಲ್ಲದ ಕೃತಿಯೆಂದು ನಾನು ಹೇಳಲಾರೆ. ಕಷ್ಟಗಳು ಒಂದರ ಮೇಲೊಂದು ಬೀಳುವ ವೇಗ ಕೆಲವು ಕಡೆ ಓದುಗನ ನಂಬಿಕೆಯನ್ನು ದಣಿಸುತ್ತದೆ. ಸಾಹುಕಾರ ಬರಿಯ ಸಾಹುಕಾರನಾಗಿಯೇ ಉಳಿದುಬಿಡುತ್ತಾನೆ. ಆದರೂ ಹೊಲ, ಕೊಟ್ಟಿಗೆ, ಬಡ್ಡಿಯ ಲೆಕ್ಕ ಇವು ಮನಸ್ಸಿನಲ್ಲಿ ನಿಂತ ಮೇಲೆ ಮಾಛಾಪುಛ್ರೆಯನ್ನು ನೆನಪಿಸಿಕೊಳ್ಳಲು ಪ್ರಯತ್ನಪಡಬೇಕಾಯಿತು.

ನನ್ನ ಆಕ್ಷೇಪಣೆ ಇಂಗ್ಲಿಷ್ ಹೆಸರಿನ ಮೇಲೆ. ೨೦೦೮ರಲ್ಲಿ ಬಂದ ಅನುವಾದಕ್ಕೆ ಇಟ್ಟಿರುವ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಅರಿಶಿನ ಬಳಿದ ಬೆಟ್ಟಗಳು’. ಹಟ್ ಅವರು ನೇಪಾಳಿ ಸಾಹಿತ್ಯಕ್ಕೆ ಮಾಡಿರುವ ಸೇವೆ ದೊಡ್ಡದು. ಅನುವಾದ ಎಲ್ಲಿಯೂ ತನ್ನನ್ನು ಮೆರೆಸಿಕೊಳ್ಳುವುದಿಲ್ಲ. ಹೆಸರು ಮಾತ್ರ ಸರಾಂಗಕೋಟಿನಲ್ಲಿ ನಿಂತು ಇಟ್ಟಂತಿದೆ. ‘ಬಸಾಯಿಂ’ ಎಂದರೆ ನೆಲೆಸುವಿಕೆ, ಮನೆಮಾರು. ಅದಕ್ಕೇ ‘ಸರ್ನು’ ಎಂಬ ಕ್ರಿಯಾಪದ ಸೇರಿದರೆ ನೆಲೆ ಕಿತ್ತು ಬೇರೆಡೆಗೆ ಹೋಗುವುದು. ಒಂದೇ ಶಬ್ದದಲ್ಲಿ ಇರುವುದೂ ಬಿಡುವುದೂ ಅಕ್ಕಪಕ್ಕದಲ್ಲಿ ಕುಳಿತಿವೆ. ಇಂಗ್ಲಿಷಿಗೆ ಇದು ಸಿಕ್ಕುವುದು ಕಷ್ಟ. ಕನ್ನಡದಲ್ಲಿ ಸಿದ್ಧವಾಗಿಯೇ ಇದೆ: ಒಕ್ಕಲು. ಒಕ್ಕಲು ಹೂಡುವುದೂ ಉಂಟು, ಒಕ್ಕಲೆಬ್ಬಿಸುವುದೂ ಉಂಟು. ಯಾರಾದರೂ ನೇಪಾಳಿ ಕಲಿತು ಈ ಪುಸ್ತಕವನ್ನು ಕನ್ನಡಕ್ಕೆ ತಂದರೆ ‘ಒಕ್ಕಲು’ ಎಂದೇ ಕರೆಯಲಿ. ಇಂಗ್ಲಿಷಿನಿಂದ ತಂದರೆ ಅರಿಶಿನವೂ ಜೊತೆಗೆ ಬಂದೀತು.

ಛೇತ್ರಿಯವರ ರೈತ ಊರು ಬಿಟ್ಟು ಏಳು ದಶಕಗಳಾಗುತ್ತ ಬಂದವು. ಆಮೇಲೆ ಹೋದವರು ಕತಾರಿಗೆ, ಮಲೇಷ್ಯಾಕ್ಕೆ, ದೆಹಲಿಗೆ, ಬೆಂಗಳೂರಿಗೆ ಹೋದರು. ಹೊರಗೆ ದುಡಿಯುವವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ. ಹೊಲದ ಮೂರು ಪಟ್ಟಿ ಏಕೆ ಖಾಲಿ ಬಿದ್ದಿವೆ ಎಂಬುದಕ್ಕೆ ಬೇರೆ ಟಿಪ್ಪಣಿ ಬೇಕಾಗಿಲ್ಲ. ಇದನ್ನೆಲ್ಲ ಓದಿಕೊಂಡ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಸರಾಂಗಕೋಟಿನ ಸೂರ್ಯೋದಯ ನನಗೆ ಈಗಲೂ ಚೆಲುವಾಗಿಯೇ ಇದೆ. ಆರು ದಿನದ ಪ್ರವಾಸಿ ಚೆಲುವನ್ನು ನೋಡಿ ಬಂದರೆ ತಪ್ಪೇನೂ ಇಲ್ಲ. ರಜೆ ಇರುವುದು ಅದಕ್ಕಾಗಿ. ಬರೆಯಲು ಕುಳಿತವನಿಗೆ ಆ ರಿಯಾಯಿತಿ ಇಲ್ಲವೆಂದು ನನ್ನ ಅಭಿಪ್ರಾಯ. ನಾವು ಲೇಖಕರು ಎರಡೂ ರಿಯಾಯಿತಿಗಳನ್ನು ಕೇಳುತ್ತೇವೆ.

ವಾರ್ಷಿಕ ಸಂಚಿಕೆಗೆ ಕೊನೆಗೆ ಕೊಟ್ಟದ್ದು ನಾಲ್ಕು ಪುಟ. ನಾನ್ಯದೇವ ಹೋದ. ಏಳು ಬಂಗಾರದಲ್ಲಿ ಒಂದು ಉಳಿಯಿತು. ದೋಣಿಯ ಹುಡುಗನ ವಿಷಯ ವಿಸ್ತಾರವಾಗಿ ಬರೆಯೋಣವೆಂದು ಹೊರಟರೆ, ಎರಡು ಗಂಟೆ ಅವನ ಕೈಯಲ್ಲಿ ಪ್ರಾಣವಿಟ್ಟು ಕುಳಿತಿದ್ದವನು ಅವನ ಊರು ಯಾವುದೆಂದು ಸಹ ಕೇಳಿರಲಿಲ್ಲ. ಹಬ್ಬದ ದಿನ ಅವನೇಕೆ ನದಿಯ ಮೇಲಿದ್ದನೆಂದೂ ಕೇಳಿರಲಿಲ್ಲ. ಆದುದರಿಂದ ಅವನಿಗೆ ಎರಡೇ ವಾಕ್ಯ. ಸಂಚಿಕೆಯ ವಿದ್ಯಾರ್ಥಿ ಸಂಪಾದಕಿ ಓದಿ ನೋಡಿ, “ಸರ್, ಹಿಮಾಲಯದ ವರ್ಣನೆ ಸ್ವಲ್ಪ ಕಡಿಮೆಯಾಯಿತು. ಶಿಖರದ ಫೋಟೋ ಆದರೂ ದೊಡ್ಡದಾಗಿ ಹಾಕೋಣವೇ?” ಎಂದಳು. ಹಾಕಮ್ಮ, ಕೆಳಗಿನ ಮೂಲೆ ಮಾತ್ರ ಕತ್ತರಿಸಬೇಡ ಎಂದೆ.